ಹಗಲಿನ ಹಿಸ್ಸೆ

ನಮ್ಮ ಊರಿನಲ್ಲಿ ಹೆಣ್ಣು ನೋಡಲು ಬಂದವರು ಮೊದಲು ಕೇಳುವುದು ಗೋತ್ರವನ್ನಲ್ಲ, ಸಂಬಳವನ್ನೂ ಅಲ್ಲ. ‘ಯಾವ ಹೊತ್ತಿನ ಮನೆ?’ ಎಂದು ಕೇಳುತ್ತಾರೆ. ಇಡೀ ಸೈಟು ಉಳ್ಳವರು ‘ತುಂಬುಹಗಲು’ ಎಂದು ತುಸು ಗತ್ತಿನಿಂದಲೇ ಹೇಳುತ್ತಾರೆ. ಒಡೆದ ಸೈಟಿನವರು ದನಿ ತಗ್ಗಿಸಿ ‘ಬೆಳಗಿನದು’ ಎಂದೋ ‘ಬೈಗಿನದು’ ಎಂದೋ ಹೇಳಿ, ಉಪ್ಪಿಟ್ಟಿನ ತಟ್ಟೆಯನ್ನು ಮುಂದೆ ಸರಿಸುತ್ತಾರೆ. ಸೈಟಿನ ನಡುವೆ ಬಾಂದುಕಲ್ಲು ನೆಟ್ಟ ದಿನ ಅದರ ಹಗಲೂ ಎರಡಾಗುತ್ತದೆ. ಮೂಡಣ ಭಾಗಕ್ಕೆ ಸೂರ್ಯ ಹುಟ್ಟಿದಾಗಿನಿಂದ ನಡುಹಗಲಿನವರೆಗೆ. ಪಡುವಣ ಭಾಗಕ್ಕೆ ನಡುಹಗಲಿನಿಂದ ಸೂರ್ಯ ಮುಳುಗುವವರೆಗೆ. ಉಳಿದ ಹೊತ್ತು ಆ ಭಾಗದ ಮೇಲೆ ಇರುಳು. ಒಂದು ಅಂಗಳದಲ್ಲಿ ಸೀರೆ ಒಣಗುತ್ತಿರುವಾಗ ಪಕ್ಕದ ಅಂಗಳದ ಮೇಲೆ ಚುಕ್ಕಿಗಳಿರುತ್ತವೆ. ಬೈಗಿನ ಮನೆಗಳ ಹುಂಜಗಳು ನಡುಹಗಲಿಗೆ ಕೂಗುತ್ತವೆ. ಬೀದಿಗಳನ್ನು ಯಾರೂ ಒಡೆಯುವುದಿಲ್ಲವಾದ್ದರಿಂದ ಅವುಗಳಿಗೆ ಮಾತ್ರ ಇಡೀ ಹಗಲು. ಅಲ್ಲಿ ನಡೆಯುವವರಿಗೆ ಎಡಕ್ಕೊಂದು ಬೆಳಗು, ಬಲಕ್ಕೊಂದು ರಾತ್ರಿ ಕಾಣುತ್ತಿರುತ್ತದೆ. ಇನ್ನೊಬ್ಬರ ಹಿಸ್ಸೆಯ ಬೆಳಕಿನಲ್ಲಿ ನಿಲ್ಲುವುದು ಪುರಸಭೆಯ ಕಣ್ಣಿಗೆ ಕಳವು. ಇನ್ನೊಬ್ಬರ ಕತ್ತಲ ಮನೆಗೆ ಕಾಲಿಡುವುದು ಊರಿನ ಕಣ್ಣಿಗೆ ನಾಚಿಕೆಗೇಡು. ಈ ಎರಡರ ನಡುವೆ ನಾವು ಬದುಕುವುದನ್ನು ಕಲಿತಿದ್ದೇವೆ.

ನನ್ನ ಸೈಟು ನನ್ನೊಬ್ಬನದಾಗಿರಲಿಲ್ಲ. ಹೈಸ್ಕೂಲಿನಲ್ಲಿ ನನ್ನ ಜೊತೆ ಪಾಠ ಹೇಳುತ್ತಿದ್ದ ಚೆಲುವಯ್ಯ ಮತ್ತು ನಾನು, ಇಬ್ಬರೂ ಮದುವೆಯಾಗದ ಕಾಲದಲ್ಲಿ, ಅದನ್ನು ಕೂಡಿ ಕೊಂಡೆವು. ನಮ್ಮನ್ನು ಕೂಡಿಸಿದ್ದು ಕವಿತೆ. ಆಗಷ್ಟೇ ಪ್ರಾಸವನ್ನು ಕಳಚಿಟ್ಟು, ಬರಿಮೈಯಲ್ಲಿ ಬೀದಿಗೆ ಬಂದಿದ್ದ ಹೊಸ ಕವಿತೆ. ಊರಿನಲ್ಲಿ ಅದನ್ನು ಓದುವವರು ನಾವಿಬ್ಬರೇ ಎಂಬ ಹೆಮ್ಮೆ ನಮಗಿತ್ತು. ಒಂದು ಸೈಟಿಗೆ ಒಂದು ಕುಟುಂಬ, ಒಂದು ಒಲೆ, ಬಾಗಿಲ ಕಲ್ಲಿನ ಮೇಲೆ ಒಂದು ಹೆಸರು: ಇದು ಪುರಸಭೆಯ ನಿಯಮ. ಚೆಲುವಯ್ಯನಿಗೆ ಹೆಣ್ಣು ಗೊತ್ತಾಗಿದ್ದರಿಂದ ಅವನ ಹೆಸರನ್ನು ಕೆತ್ತಿಸಿದೆವು. ನನ್ನನ್ನು ಅವನ ‘ಮನೆಯ ಮಂದಿ’ ಎಂದು ಬರೆಸಿದೆವು. ನನಗೆ ಮದುವೆ ಕೂಡಿಬರಲಿಲ್ಲ; ಬರಲಿ ಎಂದು ನಾನು ಒದ್ದಾಡಲೂ ಇಲ್ಲ. ಮದುವೆಯಾಗಿ ಬಂದ ದೇವೀರಮ್ಮ ಮೊದಲ ದಿನದಿಂದಲೇ ಮೂವರಿಗೆ ಅಕ್ಕಿ ಅಳೆದರು. ಸಂಜೆ ನಾವಿಬ್ಬರು ಜಗಲಿಯಲ್ಲಿ ಕುಳಿತು ಓದುವಾಗ ಅವರು ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತ, ‘ಪ್ರಾಸ ಇಲ್ಲ, ತಾಳ ಇಲ್ಲ, ಇದನ್ನ ಓದೋಕೆ ಇಬ್ಬರು ಗಂಡಸರು ಬೇಕಾ?’ ಎನ್ನುತ್ತಿದ್ದರು. ಎದ್ದು ಮಾತ್ರ ಹೋಗುತ್ತಿರಲಿಲ್ಲ. ಅವರ ಒಬ್ಬಳೇ ಮಗಳು ಭಾಗೀರಥಿ ಆ ಜಗಲಿಯಲ್ಲೇ ಬೆಳೆದು, ಮದುವೆಯಾಗಿ ಊರಿನ ಇನ್ನೊಂದು ತುದಿಗೆ ಹೋದಳು.

ಚೆಲುವಯ್ಯ ತೀರಿಕೊಂಡು ವರ್ಷಾಬ್ದಿಕ ಮುಗಿದ ಮೇಲೆ ಪುರಸಭೆಯ ಇನ್ಸ್‌ಪೆಕ್ಟರು ಗಿರಿಯಪ್ಪ ಬಂದ. ನನ್ನ ಹಳೆಯ ವಿದ್ಯಾರ್ಥಿ. ಚಪ್ಪಲಿಯನ್ನು ಬಾಗಿಲಾಚೆ ಒಂದರ ಪಕ್ಕ ಒಂದು ನೇರವಾಗಿ ಜೋಡಿಸಿಟ್ಟು, ಕಾಲು ಮಡಿಚಿ ಕುಳಿತ.

‘ಮೇಷ್ಟ್ರೇ, ನಿಮ್ಮನ್ನ ಚೆಲುವಯ್ಯನೋರ ಮನೆಯ ಮಂದಿ ಅಂತ ಬರೆದಿತ್ತು. ಅವರೇ ಇಲ್ಲ ಅಂದ್ಮೇಲೆ ನೀವು ಯಾರ ಮಂದಿ?’

‘ಇದೇ ಮನೆಯಲ್ಲಿ ತಲೆ ನರೆಸಿಕೊಂಡವನು ನಾನು, ಗಿರಿಯಪ್ಪ.’

‘ತಲೆ ನರೆಯೋದು ಸಂಬಂಧ ಅಲ್ವಲ್ಲ ಮೇಷ್ಟ್ರೇ.’

ಒಳಗಿನಿಂದ ದೇವೀರಮ್ಮನ ದನಿ ಬಂತು. ‘ಏನಪ್ಪಾ, ನಿನ್ನ ಮಗ್ಗಿ ತಿದ್ದಿದವರು ಇವರೇ ಅಲ್ವೇ? ಈಗ ಇವರಿಗೇ ಸಂಬಂಧದ ಪಾಠ ಮಾಡ್ತಿದ್ದೀಯ?’

‘ಅದಕ್ಕೇ ಅಮ್ಮಾ ಕೂತು ಮಾತಾಡ್ತಿರೋದು. ಬೇರೆಯವರ ಮನೆ ಆಗಿದ್ರೆ ಬಾಗಿಲಿಗೆ ನೋಟೀಸು ಅಂಟಿಸಿ ಹೋಗ್ತಿದ್ದೆ.’ ಅವನು ಕಾಫಿಯ ಲೋಟವನ್ನು ನೋಡುತ್ತ ಮುಂದುವರಿಸಿದ. ‘ಎರಡು ದಾರಿ ಇದೆ. ಒಂದು, ಸೈಟು ಒಡೆಯೋದು. ಮೂಡಲು ಅಮ್ಮನಿಗೆ, ಪಡುವಲು ನಿಮಗೆ. ಇನ್ನೊಂದು, ನೀವಿಬ್ಬರೂ ಒಂದೇ ಕುಟುಂಬ ಅಂತ ಬರೆಸೋದು. ವಯಸ್ಸಾದವರು ಹಾಗೆ ಬರೆಸಿರೋದುಂಟು. ಹಾರ ತುರಾಯಿ ಏನೂ ಬೇಡ. ಬಾಗಿಲ ಕಲ್ಲಿನ ಹಳೇ ಹೆಸರು ಹೊಡೆದುಹಾಕಿ ಹೊಸದು ಕೆತ್ತಿದರಾಯ್ತು.’

ಒಳಗೆ ಒಗ್ಗರಣೆಯ ಸೌಟು ನಿಂತುಹೋಯಿತು. ಗಿರಿಯಪ್ಪ ಕಾಫಿ ಮುಗಿಸದೆ ಎದ್ದ.

ಮರುದಿನ ಬೆಳಿಗ್ಗೆ ದೇವೀರಮ್ಮ ಬಾಗಿಲ ಕಲ್ಲನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು, ಹಿತ್ತಾಳೆಯ ಪಾತ್ರೆಯನ್ನು ತಿಕ್ಕುವ ಹಾಗೆ. ಅಕ್ಷರಗಳ ಗೀರಿನೊಳಗಿನ ಪಾಚಿಯನ್ನು ಕಡ್ಡಿಯಿಂದ ಕೆರೆದು ತೆಗೆದರು. ನೀರು ಸುರಿದು, ಸೆರಗಿನಲ್ಲಿ ಒರೆಸಿ, ನನ್ನ ಕಡೆ ತಿರುಗದೆ ಹೇಳಿದರು: ‘ಒಡೆಸಿಬಿಡಿ ಮೇಷ್ಟ್ರೇ. ಈ ಹೆಸರಿನ ಮೇಲೆ ಉಳಿ ಬೀಳೋ ಸದ್ದು ನನ್ನ ಕೈಲಿ ಕೇಳೋಕಾಗಲ್ಲ.’

‘ನಾನೂ ಅದನ್ನೇ ಹೇಳಬೇಕೆಂದಿದ್ದೆ’ ಎಂದೆ.

ಬಾಂದುಕಲ್ಲು ನೆಟ್ಟು, ಎದೆಮಟ್ಟದ ಗೋಡೆ ಎಬ್ಬಿಸಿದರು. ಅಡುಗೆಮನೆ, ನಡುಮನೆ, ಮೂಡಣ ಓಣಿಗೆ ತೆರೆಯುವ ಬಾಗಿಲು ದೇವೀರಮ್ಮನಿಗೆ ಹೋದವು. ಜಗಲಿ, ನನ್ನ ಕೋಣೆ, ಪುಸ್ತಕಗಳು, ಪಡುವಣ ಓಣಿ ನನಗೆ ಉಳಿದವು. ಮರುದಿನ ನನಗೆ ಎಚ್ಚರವಾದಾಗ ಕತ್ತಲಿತ್ತು. ಅಭ್ಯಾಸದಿಂದ ಕಣ್ಣುಜ್ಜಿಕೊಂಡು ಹೊರಗೆ ಬಂದೆ. ಗೋಡೆಯಾಚೆ ಬೆಳಗಾಗಿತ್ತು. ಒಡೆದ ಮಡಕೆಯ ಅಂಚಿನಂತೆ ಹರಿತವಾದ ಒಂದು ಗೆರೆಯಲ್ಲಿ ಬೆಳಕು ನಿಂತುಬಿಟ್ಟಿತ್ತು; ನನ್ನ ಕಾಲ ಬಳಿಯವರೆಗೆ ಬಂದು, ನನ್ನನ್ನು ಮುಟ್ಟದೆ. ದೇವೀರಮ್ಮ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದರು. ಬೆಳಕಿನಲ್ಲಿರುವವರಿಗೆ ಕತ್ತಲಲ್ಲಿರುವವರು ಕಾಣುವುದಿಲ್ಲ. ನಾನು ಅಲ್ಲಿರುವುದು ತಿಳಿಯದೆ ಅವರು ಒಬ್ಬರೇ ಏನೋ ಗೊಣಗಿಕೊಂಡು, ಮೊಣಕಾಲು ಹಿಡಿದುಕೊಂಡು ಎದ್ದರು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಅವರನ್ನು ಹೀಗೆ ನೋಡಿರಲಿಲ್ಲ. ನೋಡಬಾರದೆಂದು ಒಳಗೆ ಬಂದೆ. ಮರುದಿನ ಮತ್ತೆ ಹೊರಗೆ ನಿಂತಿದ್ದೆ.

ಮಧ್ಯಾಹ್ನವಾದ ಮೇಲೆ ಸರದಿ ಬದಲಾಗುತ್ತಿತ್ತು. ನಾನು ಬೆಳಕಿನಲ್ಲಿ ಕುರ್ಚಿ ಹಾಕಿಕೊಂಡು, ಗೋಡೆಯಾಚೆಯ ಕತ್ತಲಿಗೆ ಮುಖಮಾಡಿ, ಗಟ್ಟಿಯಾಗಿ ಓದುತ್ತಿದ್ದೆ. ಕತ್ತಲು ಒಳ್ಳೆಯ ಕೇಳುಗ. ಅದು ಮುಖ ಸಿಂಡರಿಸುವುದು ಕಾಣುವುದಿಲ್ಲ. ಒಮ್ಮೊಮ್ಮೆ ಬಳೆಯ ಸದ್ದು, ಒಮ್ಮೊಮ್ಮೆ ಸೀನು. ಒಂದು ದಿನ ದನಿಯೇ ಬಂತು: ‘ಅದನ್ನ ಇನ್ನೊಂದ್ಸಲ ಓದಿ. ಅರ್ಥ ಆಗ್ಲಿ ಅಂತಲ್ಲ, ಮಧ್ಯದಲ್ಲಿ ನಿದ್ದೆ ಬಂದಿತ್ತು.’

ಆದರೂ ದಿನಕ್ಕೊಂದು ಗಳಿಗೆ ನಮಗೆ ಉಳಿದಿತ್ತು. ಬೆಳಕು ಒಂದು ಹಿಸ್ಸೆಯಿಂದ ಇನ್ನೊಂದಕ್ಕೆ ಕೈ ಬದಲಾಯಿಸುವಾಗ, ಸ್ವಲ್ಪ ಹೊತ್ತು, ಎರಡೂ ಕಡೆ ಹಗಲಿರುತ್ತದೆ. ಅದನ್ನು ನಮ್ಮ ಊರಿನಲ್ಲಿ ಕೂಡುಗಳಿಗೆ ಎನ್ನುತ್ತಾರೆ. ನಡುಹಗಲಿನ ಸೈರನ್ನು ಕೂಗಿದೊಡನೆ ಒಡೆದ ಸೈಟುಗಳವರೆಲ್ಲ ಗೋಡೆಗೆ ಬರುತ್ತಾರೆ. ಅಣ್ಣತಮ್ಮಂದಿರು ಜಗಳವನ್ನು ಅವಸರದಲ್ಲಿ ಮುಗಿಸುತ್ತಾರೆ, ವಾರಗಿತ್ತಿಯರು ಹೆಪ್ಪಿಗೆ ಮೊಸರು ಕೊಟ್ಟುಕೊಳ್ಳುತ್ತಾರೆ. ದೇವೀರಮ್ಮ ಸಾರಿನ ಪಾತ್ರೆಯನ್ನು ಗೋಡೆಯ ಮೇಲಿಡುತ್ತಿದ್ದರು. ನಾನು ತೊಳೆದ ಪಾತ್ರೆಯನ್ನು ಹಿಂದಕ್ಕೆ ಕೊಡುತ್ತಿದ್ದೆ. ‘ಉಪ್ಪು ಹೆಚ್ಚಾಯ್ತಾ ನಿನ್ನೆ?’ ‘ಇಲ್ಲ.’ ‘ಸುಳ್ಳು ಹೇಳ್ಬೇಡಿ, ನನಗೇ ಹೆಚ್ಚಾಗಿತ್ತು.’ ಇಷ್ಟರಲ್ಲಿ ಅವರ ಮುಖದ ಮೇಲಿನ ಬೆಳಕು ಹಣೆಯಿಂದ ಕೆಳಕ್ಕೆ ಸರಿದುಹೋಗುತ್ತಿತ್ತು, ಕೊನೆಗೆ ಗೋಡೆಯ ಮೇಲಿನ ಕೈ ಮಾತ್ರ ಉಳಿಯುತ್ತಿತ್ತು. ಒಮ್ಮೆ ನಾನು ಓಣಿ ಸುತ್ತಿ ಹೋಗಿ ಅವರ ಬಾಗಿಲಲ್ಲಿ ನಿಂತೆ. ‘ಬೇಡ ಮೇಷ್ಟ್ರೇ, ಓಣಿಗೆ ನೂರು ಕಣ್ಣು’ ಎಂದು ಒಳಗಿನಿಂದಲೇ ಹೇಳಿದರು. ಅವರಿಗೆ ಬೀದಿಯಲ್ಲಿ ನಡೆದು ಬರುವಷ್ಟು ಕಾಲಿನ ಬಲವೂ ಇರಲಿಲ್ಲ. ನಮಗಿದ್ದದ್ದು ಕೂಡುಗಳಿಗೆಯೊಂದೇ. ಅದರ ಸುತ್ತಲೇ ನನ್ನ ಇಡೀ ದಿನ ಸುತ್ತಿಕೊಂಡಿತ್ತು.

ಊರು ಬೆಳೆಯುತ್ತಿದೆ, ನೆಲ ಬೆಳೆಯುವುದಿಲ್ಲ ಎಂದು ಹೇಳಿ ಪುರಸಭೆ ನಿಯಮವನ್ನು ಸಡಿಲಿಸಿತು. ಅರ್ಧ ಸೈಟನ್ನೂ ಒಡೆಯಬಹುದು. ಒಂದು ಜಾವಕ್ಕಿಂತ ಕಡಿಮೆ ಬೆಳಕಿನ ಹಿಸ್ಸೆ ಮಾತ್ರ ಕೂಡದು. ಭಾಗೀರಥಿಯ ಗಂಡನ ಮನೆಯವರು ತಡಮಾಡದೆ ನಾಲ್ಕು ಮಾಡಿಕೊಂಡರು. ಅವಳ ಪಾಲಿಗೆ ಬಂದದ್ದು ಕೊನೆಯ ಜಾವ: ಅರಿಸಿನ ಬಣ್ಣದ, ಕಾವಿಲ್ಲದ, ಉದ್ದ ನೆರಳಿನ ಬೆಳಕು. ಅಲ್ಲಿ ಹುಟ್ಟಿದ ಮಗುವಿನ ಕಾಲುಗಳು ಹಸಿ ಕಡ್ಡಿಯ ಹಾಗೆ ಬಾಗತೊಡಗಿದವು. ಮಗುವಿಗೆ ಕಾವಿರುವ ಬಿಸಿಲು ಬೇಕು, ಇಲ್ಲದಿದ್ದರೆ ಅದು ನಡೆಯುವುದಿಲ್ಲ ಎಂದರು ಡಾಕ್ಟರು. ಅಜ್ಜಿಯ ಅಂಗಳದಲ್ಲಿ ಬಿಸಿಲೇನೋ ಇತ್ತು. ಆದರೆ ಕೊಟ್ಟ ಹೆಣ್ಣು ಬೇರೆ ಕುಟುಂಬ; ಅಜ್ಜಿಯ ಬೆಳಕಿನಲ್ಲಿ ಮೊಮ್ಮಗಳನ್ನು ಮಲಗಿಸಿದರೂ ಕಳವು ಕಳವೇ. ಮಗಳಿಗೆ ಹಿಸ್ಸೆ ಮಾಡಿಕೊಡುವುದೊಂದೇ ದಾರಿ.

ಒಂದು ಕೂಡುಗಳಿಗೆಯಲ್ಲಿ ದೇವೀರಮ್ಮ ಪಾತ್ರೆಯ ಜೊತೆಗೆ ಈ ಮಾತನ್ನೂ ಗೋಡೆಯ ಮೇಲಿಟ್ಟರು. ‘ನನ್ನ ಅರ್ಧ ಒಡೆಸ್ತೀನಿ ಮೇಷ್ಟ್ರೇ. ಮೊದಲ ಜಾವ ನಾನಿಟ್ಕೊಂಡು ಎರಡನೇದು ಭಾಗಿಗೆ. ಮುಂಜಾನೆ ಬಿಸಿಲಲ್ಲಿ ಕಾವಿರಲ್ಲ, ಮಗುವಿಗೆ ಇದೇ ಆಗಬೇಕು.’

ನನಗೆ ಅರ್ಥವಾಗಲು ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು. ಎರಡನೆಯ ಜಾವದ ನೆಲ ನನ್ನ ಗೋಡೆಗೆ ಅಂಟಿದ್ದು. ಅದು ಭಾಗೀರಥಿಯದಾದರೆ ಕೂಡುಗಳಿಗೆಯೂ ಅವಳದು. ದೇವೀರಮ್ಮನಿಗೂ ನನಗೂ ನಡುವೆ ಗೋಡೆಯಲ್ಲ, ಒಂದು ಮನೆಯಿರುತ್ತದೆ.

‘ನನ್ನದರಲ್ಲಿ ಮೂರನೆಯ ಜಾವ ಕೊಡುತ್ತೇನೆ’ ಎಂದೆ. ‘ಅದೂ ಒಳ್ಳೆಯ ಬಿಸಿಲು.’

‘ಎಲ್ಲಿ ಕೊಟ್ಟರೂ ಮಧ್ಯಕ್ಕೇ ತಾನೇ ಬರೋದು?’

‘ಹಾಗಾದರೆ ಕೊನೆಯ ಜಾವವನ್ನೂ ಕೊಡುತ್ತೇನೆ. ನನಗೇನು, ದೀಪದಲ್ಲೂ ಓದಬಹುದು. ನಿಮ್ಮ ಹಿಂದಿನ ಕೋಣೆಯಲ್ಲಿ ಇರುತ್ತೇನೆ.’

ಅವರು ನಕ್ಕರು. ‘ಕೊಡೋಕೆ ನೀವು ಮಗುವಿಗೆ ಏನಾಗಬೇಕು ಅಂತ ಕೇಳ್ತಾರೆ. ಇರೋಕೆ ನನಗೆ ಏನಾಗಬೇಕು ಅಂತ ಕೇಳ್ತಾರೆ.’

‘ಏನಾದರೂ ಆಗೋಣ ದೇವೀರಮ್ಮ’ ಎಂದೆ.

ಬೆಳಕು ಅವರ ಹಣೆಯಿಂದ ಇಳಿಯುತ್ತಿತ್ತು. ಕಣ್ಣು ಕತ್ತಲಾಯಿತು, ಮೂಗುತಿಯ ಹರಳು ಒಮ್ಮೆ ಹೊಳೆದು ಆರಿತು, ತುಟಿ ಕತ್ತಲಾಯಿತು. ನಾನು ನನ್ನ ನಡುಹಗಲಿನಲ್ಲಿ, ಎಲ್ಲರಿಗೂ ಕಾಣುವಂತೆ, ಗೋಡೆಯನ್ನು ಹಿಡಿದು ನಿಂತಿದ್ದೆ. ಎದುರಿನ ಇರುಳಿನಿಂದ ದನಿ ಬಂತು.

‘ಪಾತ್ರೆ ಹುಷಾರು. ಸಾರು ಬಿಸಿ ಇದೆ.’

ಎರಡನೆಯ ಬಾಂದುಕಲ್ಲು ಬಂತು. ಭಾಗೀರಥಿ ತನ್ನ ನೆಲದ ಪಟ್ಟಿಯಲ್ಲಿ ತಗಡಿನ ಸೂರು ಹಾಕಿಕೊಂಡು, ಅದರ ಮುಂದೆ ಚಾಪೆ ಹಾಸಿ, ಎಣ್ಣೆ ಹಚ್ಚಿದ ಮಗುವನ್ನು ಬಿಸಿಲಿನಲ್ಲಿ ಮಲಗಿಸತೊಡಗಿದಳು. ಮಗುವಿನ ಕಾಲು ಗಟ್ಟಿಯಾದದ್ದನ್ನು ನಾನು ಕತ್ತಲಿನಿಂದ ನೋಡಿದ್ದೇನೆ. ಅದು ಮೊದಲ ಸಲ ಎದ್ದು ನಿಂತಾಗ ಚಪ್ಪಾಳೆಯನ್ನೂ ತಟ್ಟಿದ್ದೇನೆ. ಆ ಸಂತೋಷ ಸುಳ್ಳಲ್ಲ. ಆದರೆ ಆ ಜಾವದಲ್ಲಿ ಪಟ್ಟಿಯ ಈಚೆ ನಾನು, ಆಚೆ ದೇವೀರಮ್ಮ, ಇಬ್ಬರೂ ಇರುಳಿನಲ್ಲಿರುತ್ತಿದ್ದೆವು. ನಡುವೆ ಉರಿಯುವ ಬೆಳಕಿನ ಗೋಡೆ. ಎರಡು ಕತ್ತಲುಗಳು ಒಂದನ್ನೊಂದು ಕಾಣದಂತೆ ಮಾಡಲು ಒಂದು ಹಿಡಿ ಬೆಳಕು ಸಾಕು ಎಂದು ಯಾವ ಕವಿತೆಯೂ ನನಗೆ ಹೇಳಿರಲಿಲ್ಲ. ಮಧ್ಯಾಹ್ನದ ನನ್ನ ಓದು ಅಷ್ಟು ದೂರ ತಲುಪುತ್ತಿರಲಿಲ್ಲ. ದನಿ ಏರಿಸಿದರೆ ಕೆಮ್ಮು ಬರುತ್ತಿತ್ತು. ಕೂಡುಗಳಿಗೆಯಲ್ಲಿ ಈಗ ಭಾಗೀರಥಿ ಬರುತ್ತಿದ್ದಳು. ‘ಅಮ್ಮ ಕಳಿಸಿದಾಳೆ ಮಾಮ’ ಎಂದು ಪಾತ್ರೆ ಕೊಡುತ್ತಿದ್ದಳು. ಅಡುಗೆ ಅದೇ. ಆದರೆ ಎರಡು ಗೋಡೆ ದಾಟಿ ಬರುವಷ್ಟರಲ್ಲಿ ಸಾರು ತಣ್ಣಗಾಗಿರುತ್ತಿತ್ತು.

ಮುಂಜಾನೆಯ ಜಾವದಲ್ಲಿ ಮಾತ್ರ ದೂರದಿಂದ ಅವರು ಕಾಣುತ್ತಿದ್ದರು. ಗೋಡೆಯ ಬಳಿ ಬಂದು, ಪಡುವಲಿಗೆ ಮುಖಮಾಡಿ ನಿಲ್ಲುತ್ತಿದ್ದರು. ಬಾಯಿ ಆಡುತ್ತಿತ್ತು. ಒಂದು ದಿನ ಭಾಗೀರಥಿಯನ್ನು ಕೇಳಿಯೇಬಿಟ್ಟೆ: ‘ನಿಮ್ಮಮ್ಮ ಬೆಳಿಗ್ಗೆ ಗೋಡೆ ಹತ್ತಿರ ನಿಂತು ಏನು ಹೇಳ್ತಾರೆ?’

‘ಏನು ಹೇಳ್ತಾಳೆ? ಎಲೆ ಅಡಿಕೆ ಅಗೀತಾಳೆ. ಹಲ್ಲಿಲ್ಲ ಅಲ್ವಾ, ಅದು ಮುಗಿಯೋದೇ ಇಲ್ಲ’ ಎಂದು ಅವಳು ನಕ್ಕಳು. ನಾನೂ ನಕ್ಕೆ.

ಆಮೇಲೊಂದು ಮುಂಜಾನೆ ಬೆಳಕು ಬಂದಾಗ ಆ ಅಂಗಳದಲ್ಲಿ ಯಾರೂ ಇರಲಿಲ್ಲ. ಮರುದಿನವೂ ಇರಲಿಲ್ಲ. ಕೂಡುಗಳಿಗೆಯಲ್ಲಿ ಭಾಗೀರಥಿ ಬರಿಗೈಯಲ್ಲಿ ಬಂದಳು. ‘ಅಮ್ಮ ಬಚ್ಚಲಲ್ಲಿ ಜಾರಿಬಿದ್ದಳು ಮಾಮ. ಸೊಂಟ ಹೋಗಿದೆ. ಇನ್ನು ಹೊರಗೆ ಬರೋ ಹಾಗಿಲ್ಲ ಅಂದ್ರು.’ ಅಷ್ಟರಲ್ಲಿ ಅವಳ ಮುಖದ ಬೆಳಕು ಹೋಯಿತು. ನನ್ನ ಜಗಲಿಯ ಮೇಲೆ ಬಿಸಿಲು ಬಂತು, ಕುರ್ಚಿಯ ಮೇಲೆ, ಮಡಿಚಿಟ್ಟ ಪುಸ್ತಕದ ಮೇಲೆ. ದಿನವಿಡೀ ನಾನು ಕಾಯುವ ಬಿಸಿಲು. ಅದನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತೆ. ‘ದಾರಿ ಬಿಡು ಭಾಗಿ’ ಎಂದು ಹೇಳಿ, ಕುರ್ಚಿಯನ್ನು ಗೋಡೆಗೆ ಒತ್ತಿ, ಅದನ್ನು ಹತ್ತಿ, ಅವಳ ಭುಜ ಹಿಡಿದು ಆಚೆ ಇಳಿದೆ. ‘ಮಾಮ, ಕತ್ತಲ ಮನೆ’ ಎಂದಳು ಅವಳು, ಪಿಸುದನಿಯಲ್ಲಿ. ಆದರೂ ಕೈ ಬಿಡಲಿಲ್ಲ; ಎರಡನೆಯ ಗೋಡೆಯನ್ನೂ ಅವಳೇ ದಾಟಿಸಿದಳು.

ದೇವೀರಮ್ಮನ ಮಂಚ ನಡುಮನೆಯಲ್ಲಿತ್ತು. ನನಗೆ ಏನೂ ಕಾಣುತ್ತಿರಲಿಲ್ಲ.

‘ಯಾರು?’

‘ನಾನು.’

‘ಕಾಲಲ್ಲಿ ನೀರಿನ ಚೊಂಬಿದೆ, ಒದೀಬೇಡಿ.’ ಸ್ವಲ್ಪ ಹೊತ್ತಿನ ಮೇಲೆ, ‘ದೀಪ ಹಚ್ಚಬೇಡಿ. ತಲೆ ಬಾಚಿಲ್ಲ.’

ಮಂಚದ ಪಕ್ಕದಲ್ಲಿ ನೆಲದ ಮೇಲೆ ಕುಳಿತೆ. ಹಿತ್ತಿಲ ಬಾಗಿಲು ತೆರೆದಿತ್ತು. ಅದರ ಚೌಕಟ್ಟಿನೊಳಗೆ, ಭಾಗೀರಥಿಯ ಕತ್ತಲ ಪಟ್ಟಿಯ ಆಚೆ, ನನ್ನ ಜಗಲಿ ಹೊಳೆಯುತ್ತಿತ್ತು. ಪುಸ್ತಕದ ಕಪಾಟು, ಹಗ್ಗದ ಮೇಲಿನ ಟವೆಲು, ಗೋಡೆಯಂಚಿನಲ್ಲಿ ಕುರ್ಚಿಯ ಬೆನ್ನು. ಎಷ್ಟು ಸ್ಪಷ್ಟವಾಗಿ ಕಾಣುತ್ತಿತ್ತೆಂದರೆ ನನಗೆ ಸಂಕೋಚವಾಯಿತು.

‘ನೋಡಿ’ ಎಂದರು ದೇವೀರಮ್ಮ. ‘ನೀವಿಲ್ಲದಾಗ ನಿಮ್ಮ ಜಾಗ ಹೀಗೆ ಕಾಣುತ್ತೆ.’

ನಾನು ನೋಡಿದೆ. ಬೆಳಕಿಗೆ ಯಾರ ಕೊರತೆಯೂ ಇರಲಿಲ್ಲ.

‘ಅವತ್ತು ಗೋಡೆ ಹತ್ತಿರ ನೀವು ಕೇಳಿದ್ದಕ್ಕೆ ನಾನು ತಲೆ ಆಡಿಸಿದ್ದೆ. ಅಷ್ಟರಲ್ಲಿ ಕತ್ತಲಾಗಿತ್ತು’ ಎಂದರು.

‘ಹೌದು ಅಂತಲೋ, ಬೇಡ ಅಂತಲೋ?’

‘ಈಗ ಅದನ್ನ ತಗೊಂಡು ಏನು ಮಾಡ್ತೀರಾ ಮೇಷ್ಟ್ರೇ?’ ಎಂದು ಅವರು ನಕ್ಕರು, ನಕ್ಕದ್ದರಿಂದ ಸೊಂಟ ನೊಂದು ನರಳಿದರು.

ಅಂದಿನಿಂದ ಸೈರನ್ನು ಕೂಗಿದೊಡನೆ ನನ್ನ ಬೆಳಕನ್ನು ಅಲ್ಲಿಯೇ ಬಿಟ್ಟು ಬರುತ್ತಿದ್ದೆ. ಬಾಯಿಪಾಠ ಇದ್ದಷ್ಟು ಕವಿತೆಗಳನ್ನು ಕತ್ತಲಲ್ಲಿ ಹೇಳುತ್ತಿದ್ದೆ. ಮರೆತ ಸಾಲು ಬಂದಾಗ ಅವರೇ ಎತ್ತಿಕೊಡುತ್ತಿದ್ದರು. ಮೊರದ ಮುಂದೆ ಕುಳಿತು ಬೈಯುತ್ತ ಕೇಳಿದ ಸಾಲುಗಳು. ಓಣಿ ಮಾತಾಡಿತು. ಗಿರಿಯಪ್ಪ ಲಾಟೀನು ಹಿಡಿದು ಬಂದ.

‘ಮೇಷ್ಟ್ರೇ, ನಿಮ್ಮ ಹಿಸ್ಸೆಯ ಬೆಳಕು ಸುಮ್ಮನೆ ಬೀಳ್ತಿದೆ. ಬಳಸದ ಬೆಳಕು ಪುರಸಭೆಗೆ ಸೇರುತ್ತೆ. ನಾಳೆಯಿಂದ ನಿಮ್ಮ ಹೊತ್ತಿನಲ್ಲಿ ನಿಮ್ಮ ಕುರ್ಚಿ ಮೇಲಿರಿ. ಇದು ನಾನು ಹೇಳ್ತಿರೋದಲ್ಲ, ನಿಯಮ. ಮತ್ತೆ...’ ಅವನು ಮಂಚದ ಕಡೆ ನೋಡದೆ ತಡವರಿಸಿದ. ‘ಮತ್ತೆ ಇಲ್ಲಿ, ಇವರ ಹಿಸ್ಸೆಯಲ್ಲಿ, ನೀವು...’

‘ಗಿರಿಯಪ್ಪ’ ಎಂದರು ದೇವೀರಮ್ಮ, ‘ನಿಮ್ಮ ಪುರಸಭೆ ಹಂಚಿರೋದು ಹಗಲನ್ನ. ಕತ್ತಲಿಗೂ ಹಿಸ್ಸೆ ಮಾಡಿದ್ದೀರಾ?’

‘ಇಲ್ಲಮ್ಮ.’

‘ಕತ್ತಲಲ್ಲಿ ಯಾರು ಯಾರ ಮಂದಿ ಅಂತ ಬರೆಯೋ ನಿಯಮ ಇದೆಯಾ?’

ಅವನು ಯೋಚಿಸಿದ. ‘ಇಲ್ಲ’ ಎಂದ.

‘ಹಾಗಾದ್ರೆ ಲಾಟೀನು ಆಚೆ ತಗೊಂಡು ಹೋಗು. ಕಣ್ಣು ಕುಕ್ಕುತ್ತೆ.’

ಅವನು ಬತ್ತಿ ತಗ್ಗಿಸಿ ಹೊರಟ. ಬಾಗಿಲಲ್ಲಿ ನಿಂತು, ‘ಬೆಳಕು ಹೋದರೆ ವಾಪಸು ಬರಲ್ಲ ಮೇಷ್ಟ್ರೇ’ ಎಂದ. ಬೇಡುವವನ ದನಿಯಲ್ಲಿತ್ತು ಅದು. ಗೊತ್ತಿದೆ ಎಂದೆ.

ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಹಿಸ್ಸೆ ಪುರಸಭೆಗೆ ಹೋಯಿತು. ಪುಸ್ತಕಗಳನ್ನು ಭಾಗೀರಥಿ ತನ್ನ ಸೂರಿನಡಿ ಪೇರಿಸಿಟ್ಟಿದ್ದಾಳೆ. ಮಗು ಅವುಗಳನ್ನು ಹಿಡಿದು ನಿಲ್ಲುತ್ತದೆ. ದೇವೀರಮ್ಮನ ಹಿಂದಿನ ಕೋಣೆಯಲ್ಲಿ ನನ್ನ ಹಾಸಿಗೆ. ಮುಂಜಾನೆ ಅವರ ಮನೆಯಲ್ಲಿ ಬೆಳಕಿರುವಷ್ಟು ಹೊತ್ತು ನಾನು ಬೀದಿಯಲ್ಲಿ ಅಡ್ಡಾಡುತ್ತೇನೆ. ಕಳವಿನ ಅಪವಾದ ಅವರಿಗೆ ಬರಬಾರದು. ಜಾವ ಮುಗಿದು ಇರುಳಾದ ಮೇಲೆ ಒಳಗೆ ಬರುತ್ತೇನೆ. ಅವರ ಮುಖವನ್ನು ನಾನು ನೋಡುವುದಿಲ್ಲ. ಅದು ಈಗ ಹೇಗಿದೆಯೋ ತಿಳಿಯದು. ಅವರ ಮಾತು ದಿನದಿಂದ ದಿನಕ್ಕೆ ಸಣ್ಣದಾಗುತ್ತಿರುವುದು ಮಾತ್ರ ತಿಳಿಯುತ್ತದೆ. ಒಮ್ಮೊಮ್ಮೆ ಒಂದು ಸಾಲನ್ನು ಅರ್ಧಕ್ಕೆ ನಿಲ್ಲಿಸಿ ಕಾಯುತ್ತೇನೆ, ಎತ್ತಿಕೊಡುವುದು ತಡವಾಗುತ್ತದೆ.

ನಿನ್ನೆ ಸೈರನ್ನು ಕೂಗಿದ ಮೇಲೆ ಹಿತ್ತಿಲ ಬಾಗಿಲ ಚೌಕಟ್ಟಿನೊಳಗೆ ನನ್ನ ಹಳೆಯ ಜಗಲಿ ಬೆಳಗಿತು. ಸರ್ವೆಯವರು ಬಂದಿದ್ದರು. ಇಬ್ಬರು ಸರಪಳಿ ಹಿಡಿದು ಎಳೆಯುತ್ತಿದ್ದರು. ಒಬ್ಬ, ಕಪಾಟು ಇದ್ದ ಜಾಗದ ಬಿಳಿಯ ಚೌಕದ ಮೇಲೆ ಸೀಮೆಸುಣ್ಣದಿಂದ ಗೆರೆ ಹಾಕುತ್ತಿದ್ದ. ಎಳೆಯ ವಯಸ್ಸಿನ ಗಂಡಹೆಂಡತಿ ಗೆರೆಯ ಈಚೆಗೊಮ್ಮೆ ಆಚೆಗೊಮ್ಮೆ ನಿಂತು, ಯಾವ ಜಾವ ತಮಗೆ ಒಳ್ಳೆಯದೆಂದು ನೋಡುತ್ತಿದ್ದರು. ಹೆಂಡತಿ ಗೋಡೆಗೆ ಒರಗಿ ನಮ್ಮ ಕಡೆ ದಿಟ್ಟಿಸಿದಳು.

‘ಯಾರದು?’ ಎಂದರು ದೇವೀರಮ್ಮ.

‘ಹೊಸಬರು.’

‘ನಮ್ಮನ್ನೇ ನೋಡ್ತಿದ್ದಾಳೆ.’

ಆ ಹುಡುಗಿ ಕಣ್ಣಿಗೆ ಕೈ ಅಡ್ಡಹಿಡಿದು ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿ, ಅಲ್ಲಿ ಯಾರೂ ಇಲ್ಲವೆಂಬಂತೆ ಕೈಯಾಡಿಸಿದಳು.